ಮೂರು ವಾರದ ತಲೆನೋವು: ರೋಗನಿರೋಧಕ ಶಕ್ತಿ ಕಮ್ಮಿ ಇರುವವರ ಮನೆಯವರಿಗೆ

ಆಟಿ ತಿಂಗಳ ಮಳೆ. ಭಾವನಿಗೆ ತಲೆನೋವು. ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರದ ಅವರ ತೋಟದಲ್ಲಿ ಅಡಿಕೆಗೆ ಮದ್ದು ಬಿಡುವ ಗಡಿಬಿಡಿ ಬೇರೆ. ಮಳೆಗೆ ನೆನೆದ ಶೀತ ಇರಬೇಕು ಎಂದು ಎಲ್ಲರೂ ಅಂದುಕೊಂಡೆವು. ಎರಡನೇ ವಾರ ಕಣ್ಣಿಗೆ ಒಂದು ಎರಡಾಗಿ ಕಾಣತೊಡಗಿತು. ಕನ್ನಡಕ ಬದಲಾಯಿಸಿದರು. ಒಂದು ಕ್ಲಿನಿಕ್ಕಿನಲ್ಲಿ ಸೈನಸ್ ಎಂದು ಮಾತ್ರೆ ಕೊಟ್ಟರು. ಮೂರನೇ ವಾರ ಪಂಪಿನ ಸ್ವಿಚ್ಚಿನ ಎದುರು ನಿಂತು ಯಾವುದನ್ನು ಒತ್ತಬೇಕೆಂದು ಅವರಿಗೆ ಗೊತ್ತಾಗಲಿಲ್ಲ. ಮಗಳನ್ನು ನನ್ನ ಅಕ್ಕನ ಹೆಸರಿನಿಂದ ಕರೆದರು. ಅಕ್ಕ ಫೋನು ಮಾಡಿ, "ಇವರು ಸರಿ ಇಲ್ಲ ಮಾರಾಯ, ನೀನೊಮ್ಮೆ ಬಾ" ಎಂದಳು.

ಭಾವನಿಗೆ ನಾಲ್ಕು ವರ್ಷ ಮೊದಲು ಕಿಡ್ನಿ ಕಸಿ ಆಗಿತ್ತು. ಕ್ಲಿನಿಕ್ಕಿನಲ್ಲಿ ಅದನ್ನು ಯಾರೂ ಹೇಳಿರಲಿಲ್ಲ. ಯಾಕೆಂದು ಕೇಳಿದರೆ, "ಅದು ಹಳೇ ಕತೆ ಅಲ್ವಾ, ತಲೆನೋವಿಗೂ ಕಿಡ್ನಿಗೂ ಎಂತ ಸಂಬಂಧ?" ಎಂದರು.

ಸಂಬಂಧ ಉಂಟು. ಮಂಗಳೂರಿನಲ್ಲಿ ಬೆನ್ನಿನ ನೀರು ಪರೀಕ್ಷೆ ಮಾಡಿದಾಗ ಗೊತ್ತಾದದ್ದು ಕ್ರಿಪ್ಟೋಕಾಕಲ್ ಮೆನಿಂಜೈಟಿಸ್. ಅಂದರೆ ಮೆದುಳಿನ ಹೊದಿಕೆಗೆ ಶಿಲೀಂಧ್ರದ ಸೋಂಕು. ನಾನು ಡಾಕ್ಟರ್ ಅಲ್ಲ. ಆಸ್ಪತ್ರೆಯಲ್ಲಿ ಜೊತೆಗೆ ಕೂತವನು, ಮಾತ್ರೆ ಲೆಕ್ಕ ಇಟ್ಟವನು, ಕೇಳಿ ಓದಿ ತಿಳಿದವನು. ಗಡಿಯ ಈಚೆ, ಕೇರಳದಲ್ಲಿ ಇರುವ ನಮ್ಮಂಥ ಕನ್ನಡದವರಿಗೆ ಇದನ್ನು ಹಂತ ಹಂತವಾಗಿ ಬರೆದಿಡಬೇಕು ಅನ್ನಿಸಿತು.

ಮೊದಲು: ನಮ್ಮ ಮನೆಯವರು ಈ ಪಟ್ಟಿಯಲ್ಲಿದ್ದಾರಾ?

ಈ ಶಿಲೀಂಧ್ರದ ಹೆಸರು ಕ್ರಿಪ್ಟೋಕಾಕಸ್. ಮಣ್ಣಿನಲ್ಲಿ, ಹಕ್ಕಿಗಳ ಹಿಕ್ಕೆಯಲ್ಲಿ, ಮುಖ್ಯವಾಗಿ ಪಾರಿವಾಳದ ಹಳೇ ಒಣ ಹಿಕ್ಕೆಯಲ್ಲಿ ಇರುತ್ತದೆ. ಇದರ ಇನ್ನೊಂದು ಜಾತಿ ಮರಗಳಲ್ಲಿ ಬದುಕುತ್ತದೆ. ಧೂಳಿನ ಜೊತೆ ಉಸಿರಿನಲ್ಲಿ ಒಳಗೆ ಹೋಗುತ್ತದೆ. ಗಟ್ಟಿ ಇರುವ ದೇಹ ಅದನ್ನು ಶ್ವಾಸಕೋಶದಲ್ಲೇ ತಡೆದು ಹಾಕುತ್ತದೆ. ತಡೆಯುವ ಶಕ್ತಿ ಕುಗ್ಗಿದಾಗ ರಕ್ತ ಸೇರಿ ಮೆದುಳಿಗೆ ಏರುತ್ತದೆ. ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ರೋಗಿಯ ತಟ್ಟೆ ಲೋಟ ಬೇರೆ ಮಾಡುವ ಅಗತ್ಯ ಏನೂ ಇಲ್ಲ.

ಅತಿ ಹೆಚ್ಚು ಅಪಾಯ ಇರುವುದು ಎಚ್‌ಐವಿ ಇದ್ದು ಸಿ.ಡಿ.4 ಎಣಿಕೆ (ರಕ್ತದಲ್ಲಿ ರೋಗ ತಡೆಯುವ ಒಂದು ಬಗೆಯ ಕಣಗಳ ಲೆಕ್ಕ) 100ಕ್ಕಿಂತ ಕೆಳಗೆ ಇಳಿದವರಿಗೆ. ಆಮೇಲೆ ಅಂಗಾಂಗ ಕಸಿ ಆದವರು. ಕಸಿ ಮಾಡಿದ ಅಂಗವನ್ನು ದೇಹ ತಳ್ಳಿಹಾಕದಿರಲಿ ಎಂದು ಅವರು ತಿನ್ನುವ ಮಾತ್ರೆ ರೋಗನಿರೋಧಕ ಶಕ್ತಿಯನ್ನೇ ಕುಗ್ಗಿಸುತ್ತದೆ. ಇವರಿಗೆ ಈ ಸೋಂಕು ಆಪರೇಷನ್ ಆದ ಕೂಡಲೇ ಬರುವುದು ಕಮ್ಮಿ. ವರ್ಷ ಕಳೆದು, ಎಲ್ಲ ಸರಿಯಾಯಿತು ಎಂದು ಮೈಮರೆತ ಮೇಲೆ ಬರುವುದೇ ಜಾಸ್ತಿ. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇರುವವರು, ಲಿವರ್ ಪೂರ್ತಿ ಕೆಟ್ಟವರು, ಬಹಳ ಕಾಲ ಸ್ಟಿರಾಯ್ಡ್ ತಿಂದವರು ಕೂಡ ಪಟ್ಟಿಯಲ್ಲಿದ್ದಾರೆ.

ಸ್ಟಿರಾಯ್ಡ್ ಬಗ್ಗೆ ಒಂದು ಮಾತು. ಗಂಟುನೋವಿಗೆ, ದಮ್ಮಿಗೆ ಎಂದು ಹಳೇ ಚೀಟಿ ತೋರಿಸಿ ವರ್ಷಗಟ್ಟಲೆ ಪ್ರೆಡ್ನಿಸೊಲೋನ್ ತಿನ್ನುವವರನ್ನು ನೀವೂ ನೋಡಿರಬಹುದು. ಹೆಸರಿಲ್ಲದ ಪೊಟ್ಟಣದ ಪುಡಿ ತಿಂದು "ನೋವು ಮಂತ್ರ ಹಾಕಿದ ಹಾಗೆ ಹೋಯಿತು" ಎನ್ನುವವರೂ ಇದ್ದಾರೆ. ಅಂಥ ಪುಡಿಯಲ್ಲಿ ಸ್ಟಿರಾಯ್ಡ್ ಸೇರಿಸಿರುವುದು ಉಂಟು. ಹಾಗೆಂದು ಒಮ್ಮೆಲೇ ನಿಲ್ಲಿಸಬೇಡಿ, ಅದೂ ಅಪಾಯ. ಆದರೆ ಡಾಕ್ಟರಿಗೆ ಹೇಳಿ.

2021ರಲ್ಲಿ ಕೊರೋನಾ ಹಿಂದೆಯೇ ಬಂದ ಕಪ್ಪು ಶಿಲೀಂಧ್ರ ಎಲ್ಲರಿಗೂ ನೆನಪಿದೆ. ಇದು ಅದಲ್ಲ. ಅದು ಮೂಗು, ಕಣ್ಣಿನ ಸುತ್ತ ಶುರುವಾಗಿ ಗಡಿಬಿಡಿಯಲ್ಲಿ ಏರುತ್ತದೆ. ಇದು ಸದ್ದಿಲ್ಲದೆ ವಾರಗಟ್ಟಲೆ ಕಾಯುತ್ತದೆ.

ಎರಡನೆಯದು: ಯಾವ ತಲೆನೋವಿಗೆ ಹೆದರಬೇಕು

ಮಾಮೂಲಿ ತಲೆನೋವು ಬಂದು ಹೋಗುತ್ತದೆ. ಇದು ಬಂದದ್ದು ಹೋಗುವುದಿಲ್ಲ. ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪ ಏರುತ್ತದೆ. ಮಾತ್ರೆ ತಿಂದರೆ ನಾಲ್ಕು ಗಂಟೆ ತಗ್ಗಿ ಮತ್ತೆ ಬರುತ್ತದೆ. ಮಲಗಿದಾಗ, ಕೆಮ್ಮಿದಾಗ ಜಾಸ್ತಿ ಆಗಬಹುದು. ಜೊತೆಗೆ ವಾಂತಿ, ಸಣ್ಣ ಜ್ವರ, ಬೆಳಕು ಕಂಡರೆ ಕಣ್ಣು ಮುಚ್ಚುವುದು, ಮಂಜು ಮಂಜಾಗಿ ಅಥವಾ ಎರಡೆರಡಾಗಿ ಕಾಣುವುದು, ಕಿವಿ ಮಂದ ಆಗುವುದು.

ಮೆನಿಂಜೈಟಿಸ್ ಎಂದರೆ ಕುತ್ತಿಗೆ ಬಿಗಿಯಬೇಕು ಎಂದು ಶಾಲೆಯಲ್ಲಿ ಕಲಿತದ್ದನ್ನು ಇಲ್ಲಿ ನಂಬಬೇಡಿ. ಇದರಲ್ಲಿ ಹಲವರಿಗೆ ಕುತ್ತಿಗೆ ಬಿಗಿಯುವುದೇ ಇಲ್ಲ. ಕೆಲವರಿಗೆ ಜ್ವರವೂ ಇರುವುದಿಲ್ಲ. ರೋಗ ನಿರೋಧಕ ಶಕ್ತಿ ಕುಗ್ಗಿದ ದೇಹ ಗಲಾಟೆ ಮಾಡುವುದೇ ಕಮ್ಮಿ.

ನಡವಳಿಕೆ ಬದಲಾದದ್ದನ್ನು ಮನೆಯವರು ಮಾತ್ರ ಗುರುತಿಸಬಲ್ಲರು. ಮಾತಿಗೆ ತಡವಾಗಿ ಉತ್ತರ ಕೊಡುವುದು, ಹೆಸರು ತಪ್ಪುವುದು, ಸುಮ್ನೆ ಸಿಡುಕುವುದು, ಹಗಲಿಡೀ ಮಲಗುವುದು. ಪಂಪಿನ ಸ್ವಿಚ್ಚಿನ ಕತೆ ಹೇಳಿದಾಗಲೇ ಮಂಗಳೂರಿನ ಡಾಕ್ಟರ್ ಪೆನ್ನು ಕೆಳಗಿಟ್ಟು ತಲೆಯೆತ್ತಿದ್ದು.

ಮೇಲಿನ ಪಟ್ಟಿಯಲ್ಲಿ ಇರುವವರಿಗೆ ಹೊಸ ತಲೆನೋವು ನಾಲ್ಕೈದು ದಿನ ದಾಟಿತು ಎಂದರೆ ಕಾಯಬೇಡಿ. ಗೊಂದಲ, ಫಿಟ್ಸ್, ದೃಷ್ಟಿ ಹೋಗುವುದು, ನಿಲ್ಲದ ವಾಂತಿ ಇದ್ದರೆ ಅವತ್ತೇ ಹೊರಡಿ. 108ಕ್ಕೆ ಫೋನು ಮಾಡಿ. ಯಾವ ಆಸ್ಪತ್ರೆ ಒಳ್ಳೆಯದು ಎಂಬ ಚರ್ಚೆ ಆಮೇಲೆ ಇರಲಿ, ಹತ್ತಿರದ ದೊಡ್ಡ ಆಸ್ಪತ್ರೆ ಮುಟ್ಟಿಸಿ.

ಮೂರನೆಯದು: ಬಾಯಿ ಬಿಡಿ

ನನಗೆ ಈ ಬರಹದಲ್ಲಿ ಒಂದೇ ವಿಷಯ ಹೇಳಲು ಜಾಗ ಇದ್ದಿದ್ದರೆ ಇದನ್ನೇ ಹೇಳುತ್ತಿದ್ದೆ. ತಲೆನೋವು ಒಂದೇ ಡಾಕ್ಟರ ಹತ್ತಿರ ಹೋಗಬಾರದು. ಅದರ ಜೊತೆ ಹಳೇ ಕಾಯಿಲೆಯೂ ಹೋಗಬೇಕು.

ಗಡಿನಾಡಿನಲ್ಲಿ ಇದು ಸುಲಭ ಅಲ್ಲ. ಕಿಡ್ನಿಗೆ, ಕ್ಯಾನ್ಸರಿಗೆ ಮಂಗಳೂರು. ಸಣ್ಣಪುಟ್ಟದ್ದಕ್ಕೆ ಬದಿಯಡ್ಕವೋ ಕುಂಬಳೆಯೋ. ಎರಡೂ ಕಡೆಯ ಕಾಗದ ಒಂದನ್ನೊಂದು ನೋಡುವುದೇ ಇಲ್ಲ. ಎಚ್‌ಐವಿ ಇದ್ದವರದ್ದು ಇನ್ನೂ ಕಷ್ಟ. ಗುರುತಿನವರು ಸಿಗಬಾರದು ಎಂದು ಗಡಿ ದಾಟಿ ಮಾತ್ರೆ ತರುವವರಿದ್ದಾರೆ. ಅದು ಅವರ ಹಕ್ಕು, ತಪ್ಪಲ್ಲ. ಆದರೆ ಊರಿನ ಡಾಕ್ಟರಿಗೆ ಅವರು ಬರೀ ತಲೆನೋವಿನ ಮನುಷ್ಯ. ಅವರು ಬರೀ ತಲೆನೋವಿಗೇ ಮದ್ದು ಕೊಡುತ್ತಾರೆ.

ಕಾನೂನು ನಿಮ್ಮ ಕಡೆ ಇದೆ. 2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿದೆ. ರೋಗಿಯ ಒಪ್ಪಿಗೆ ಇಲ್ಲದೆ ಅವರ ಸ್ಥಿತಿಯನ್ನು ಬಯಲು ಮಾಡುವುದು, ಚಿಕಿತ್ಸೆ ನಿರಾಕರಿಸುವುದು ಅದರ ಪ್ರಕಾರ ತಪ್ಪು. ಜೊತೆಗೆ ಬಂದ ಸಂಬಂಧಿಕರನ್ನು ಹೊರಗೆ ಕಳಿಸಿ, ಡಾಕ್ಟರ ಹತ್ತಿರ ಒಬ್ಬರೇ ಇದ್ದಾಗ ಹೇಳಬಹುದು. ಬಾಯಲ್ಲಿ ಹೇಳಲು ಆಗದಿದ್ದರೆ ಒಂದು ಚೀಟಿಯಲ್ಲಿ ಬರೆದು ಮುಂದಿಡಿ. ಅಷ್ಟೇ ಸಾಕು. ಮಾಹಿತಿಗೆ ರಾಷ್ಟ್ರೀಯ ಸಹಾಯವಾಣಿ 1097 ಇದೆ. ಕೇರಳದಲ್ಲಿ ಉಚಿತ ಎ.ಆರ್.ಟಿ. (ಎಚ್‌ಐವಿಯನ್ನು ಹತೋಟಿಯಲ್ಲಿಡುವ ಮದ್ದು) ಮಾತ್ರೆ ಕೊಡುವ ಕೇಂದ್ರಗಳಿಗೆ 'ಉಷಸ್' ಎಂದು ಹೆಸರು. ಬೋರ್ಡಿನಲ್ಲಿ ಅದನ್ನು ಹುಡುಕಿ.

ಒಂದು ಸಣ್ಣ ಪುಸ್ತಕ ಮಾಡಿಡಿ. ಕಾಯಿಲೆ, ಈಗ ತಿನ್ನುವ ಎಲ್ಲ ಮಾತ್ರೆಗಳ ಹೆಸರು ಮತ್ತು ಅಳತೆ, ಸಿ.ಡಿ.4 ಅಥವಾ ಕಿಡ್ನಿಯ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ಕೊನೆಗೆ ಎಷ್ಟಿತ್ತು, ತಲೆನೋವು ಶುರುವಾದ ದಿನ. ಮಾತ್ರೆಯ ಖಾಲಿ ಪಟ್ಟಿಗಳನ್ನೂ ಚೀಲದಲ್ಲಿ ಹಾಕಿಕೊಳ್ಳಿ. ಹೆಸರು ನೆನಪಿಲ್ಲದಿದ್ದರೂ ಪಟ್ಟಿ ಹೇಳುತ್ತದೆ.

ಭಾಷೆಯದ್ದೂ ಒಂದು ಸಮಸ್ಯೆ. ಆಸ್ಪತ್ರೆಯಲ್ಲಿ ಮಲಯಾಳ ಮಾತ್ರ ಬರುವ ಸಿಸ್ಟರ್ ಸಿಕ್ಕಿದರೆ ಕೆಲವು ಶಬ್ದ ಕೈಯಲ್ಲಿರಲಿ. ತಲೆನೋವಿಗೆ ತಲವೇದನ, ವಾಂತಿಗೆ ಛರ್ದಿ, ಎರಡೆರಡಾಗಿ ಕಾಣುವುದಕ್ಕೆ ರಂಡಾಯಿ ಕಾಣುನ್ನು, ಕಿಡ್ನಿ ಕಸಿ ಆಗಿದೆ ಎನ್ನಲು ಕಿಡ್ನಿ ಮಾಟ್ಟಿವೆಚ್ಚದಾಣ್. ಜ್ವರಕ್ಕೆ ಪನಿ. ನಮ್ಮ ಮನೆಯಲ್ಲಿ ತುಳು ಮಾತಾಡುವ ಅಜ್ಜಿಗೆ ಪನಿ ಎಂದರೆ ಹನಿಮಳೆ. "ಪನಿ ಉಂಡೋ?" ಎಂದು ಸಿಸ್ಟರ್ ಕೇಳಿದ್ದಕ್ಕೆ ಅಜ್ಜಿ ಕಿಟಕಿಯಾಚೆ ನೋಡಿ "ಇಲ್ಲ" ಎಂದಿದ್ದರು.

ನಾಲ್ಕನೆಯದು: ಕೇಳಬೇಕಾದ ಪರೀಕ್ಷೆ

ಸಿ.ಟಿ. ಸ್ಕ್ಯಾನ್ ಸರಿ ಬಂದರೆ ನಿರಾಳ ಆಗಬೇಡಿ. ಈ ಸೋಂಕಿನಲ್ಲಿ ಸ್ಕ್ಯಾನ್ ಸರಿ ಇರುವುದು ಸಾಮಾನ್ಯ. ನೀವು ಕೇಳಬೇಕಾದದ್ದು ಕ್ರಿಪ್ಟೋಕಾಕಲ್ ಆಂಟಿಜೆನ್ ಪರೀಕ್ಷೆ, ಚುಟುಕಾಗಿ 'ಕ್ರ್ಯಾಗ್'. ಗರ್ಭ ಪರೀಕ್ಷೆಯ ಪಟ್ಟಿಯ ಹಾಗೆ ಒಂದು ಕಾಗದದ ಪಟ್ಟಿ. ರಕ್ತದಲ್ಲೂ ಮಾಡಬಹುದು, ಬೆನ್ನಿನ ನೀರಿನಲ್ಲೂ ಮಾಡಬಹುದು. ಹತ್ತು ನಿಮಿಷದಲ್ಲಿ ಗೆರೆ ಮೂಡುತ್ತದೆ. ತಲೆನೋವು ಶುರುವಾಗುವ ಸುಮಾರು ಮೂರು ವಾರ ಮೊದಲೇ ರಕ್ತದಲ್ಲಿ ಇದು ಸಿಗಬಲ್ಲದು. ಅದಕ್ಕೇ ಸಿ.ಡಿ.4 ಎಣಿಕೆ 100ಕ್ಕಿಂತ ಕಮ್ಮಿ ಇರುವವರಿಗೆ ಲಕ್ಷಣ ಇಲ್ಲದಿದ್ದರೂ ಈ ಪರೀಕ್ಷೆ ಮಾಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 200ರ ಒಳಗಿನವರಿಗೂ ಮಾಡಿದರೆ ಒಳ್ಳೆಯದು ಎನ್ನುತ್ತದೆ.

ನಮ್ಮ ದೇಶದಲ್ಲಿ ಇಂಥ ನಿಧಾನದ ಮೆನಿಂಜೈಟಿಸ್ ಕಂಡರೆ ಮೊದಲು ಟಿ.ಬಿ. ನೆನಪಾಗುತ್ತದೆ. ಸಹಜವೇ. ಆದರೆ ಟಿ.ಬಿ. ಮೆನಿಂಜೈಟಿಸ್‌ಗೆ ಸ್ಟಿರಾಯ್ಡ್ ಕೊಡುತ್ತಾರೆ. ಎಚ್‌ಐವಿ ಇರುವವರ ಕ್ರಿಪ್ಟೋಕಾಕಲ್‌ಗೆ ರೂಢಿಯಂತೆ ಸ್ಟಿರಾಯ್ಡ್ ಕೊಟ್ಟರೆ ಹಾನಿಯೇ ಜಾಸ್ತಿ ಎಂದು 2016ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ತೋರಿಸಿತು. ಹಾಗಾಗಿ "ಟಿ.ಬಿ. ಇರಬಹುದು" ಎಂದರೆ, "ಕ್ರ್ಯಾಗ್ ಕೂಡ ಮಾಡಿ ನೋಡಬಹುದಾ ಡಾಕ್ಟ್ರೇ?" ಎಂದು ಕೇಳಿ. ಕೇಳಿದರೆ ಯಾರೂ ಬೈಯುವುದಿಲ್ಲ. ಬೈದರೂ ಪರವಾಗಿಲ್ಲ.

ಐದನೆಯದು: ಬೆನ್ನಿನ ನೀರು

"ಬೆನ್ನಿಗೆ ಸೂಜಿ ಹಾಕಿದರೆ ಕಾಲು ಹೋಗುತ್ತದೆ." ವಾರ್ಡಿನಲ್ಲಿ ಇದನ್ನು ಹೇಳುವವರು ಒಬ್ಬರಾದರೂ ಸಿಗುತ್ತಾರೆ. ನಮಗೂ ಸಿಕ್ಕಿದರು. ಅಕ್ಕ ಸಹಿ ಹಾಕಲು ಹಿಂಜರಿದಳು.

ಬೆನ್ನುಹುರಿ ಸೊಂಟದ ಮೇಲ್ಭಾಗದಲ್ಲೇ ಮುಗಿಯುತ್ತದೆ. ಸೂಜಿ ಹಾಕುವುದು ಅದಕ್ಕಿಂತ ಕೆಳಗೆ, ಬರೀ ನರದ ಎಳೆಗಳು ನೀರಿನಲ್ಲಿ ತೇಲುವ ಜಾಗದಲ್ಲಿ. ರೋಗಿಯನ್ನು ಮಗ್ಗುಲಾಗಿ ಮಲಗಿಸಿ, ಮೊಣಕಾಲು ಎದೆಗೆ ತಾಗುವಂತೆ ಮಡಚಿಸುತ್ತಾರೆ. ಮರಗಟ್ಟಿಸುವ ಇಂಜೆಕ್ಷನ್ ಮೊದಲು ಕೊಡುತ್ತಾರೆ.

ಇಲ್ಲಿ ಎರಡು ಕೆಲಸ ಆಗುತ್ತದೆ. ಒಂದು ಪರೀಕ್ಷೆ. ಇನ್ನೊಂದು ಒತ್ತಡ ಅಳೆಯುವುದು. ಶಿಲೀಂಧ್ರ ನೀರು ಹರಿದುಹೋಗುವ ದಾರಿಗೆ ಕಟ್ಟಿಕೊಳ್ಳುತ್ತದೆ. ಬಚ್ಚಲಿನ ಕಂಡಿ ಕಟ್ಟಿದರೆ ನೀರು ನಿಂತ ಹಾಗೆ ತಲೆಯೊಳಗೆ ಒತ್ತಡ ಏರುತ್ತದೆ. ತಲೆನೋವು, ಕಣ್ಣು ಹೋಗುವುದು, ಪ್ರಾಣ ಹೋಗುವುದು ಬಹಳ ಸಲ ಈ ಒತ್ತಡದಿಂದಲೇ. ಮಾಮೂಲಿಯಾಗಿ ಅದು 20 ಸೆಂಟಿಮೀಟರ್ ನೀರಿನ ಎತ್ತರದ ಒಳಗೆ ಇರಬೇಕು. 25 ದಾಟಿದರೆ ನೀರು ತೆಗೆದು ಇಳಿಸಬೇಕು. ಒಂದು ಸಲಕ್ಕೆ 20, 30 ಮಿಲಿಲೀಟರ್ ತನಕ ತೆಗೆಯುತ್ತಾರೆ. ಬೇಕಾದರೆ ಮರುದಿನ ಪುನಃ, ಅದರ ಮರುದಿನ ಪುನಃ.

ಮೊದಲ ಸಲ ಒಪ್ಪಿದ ಮನೆಯವರೇ ಎರಡನೇ ಸಲ "ಎಷ್ಟು ಸಲ ಚುಚ್ಚುವುದು?" ಎಂದು ಬೇಡ ಅನ್ನುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಈ ಕಾಯಿಲೆಯಲ್ಲಿ ಬೆನ್ನಿನ ನೀರು ತೆಗೆಯುವುದು ಪರೀಕ್ಷೆ ಮಾತ್ರ ಅಲ್ಲ, ಅದೇ ಒಂದು ಮದ್ದು. ಒತ್ತಡ ಎಷ್ಟು ಬಂತು ಎಂದು ಪ್ರತಿ ಸಲ ಕೇಳಿ ಪುಸ್ತಕದಲ್ಲಿ ಬರೆಯಿರಿ. ಭಾವನದ್ದು ಮೊದಲ ದಿನ 38 ಇತ್ತು. ನೀರು ತೆಗೆದ ಅರ್ಧ ಗಂಟೆಯಲ್ಲಿ ಕಣ್ಣು ಬಿಟ್ಟು, "ಚಾ ಸಿಗ್ತದಾ?" ಎಂದು ಕೇಳಿದರು. ಮೂರು ವಾರದಲ್ಲಿ ಅವರು ತಾವಾಗಿ ಕೇಳಿದ ಮೊದಲ ವಸ್ತು ಅದು.

ಆರನೆಯದು: ಆಸ್ಪತ್ರೆಯ ಎರಡು ವಾರ

ಮುಖ್ಯ ಮದ್ದು ಆಂಫೊಟೆರಿಸಿನ್-ಬಿ. ಡ್ರಿಪ್ಪಿನಲ್ಲಿ ಕೊಡುತ್ತಾರೆ. ಜೊತೆಗೆ ಫ್ಲುಸೈಟೊಸಿನ್ ಮಾತ್ರೆ. ಅದು ಸಿಗದಿದ್ದಲ್ಲಿ ಫ್ಲುಕೊನಜೋಲ್. ಎಚ್‌ಐವಿ ಇರುವವರಿಗೆ ಲೈಪೋಸೋಮಲ್ ಆಂಫೊಟೆರಿಸಿನ್ (ಕೊಬ್ಬಿನ ಸಣ್ಣ ಕಣಗಳಲ್ಲಿ ತುಂಬಿದ ಬಗೆ) ಅನ್ನು ಒಂದೇ ದೊಡ್ಡ ಡೋಸಿನಲ್ಲಿ ಕೊಟ್ಟು, ಜೊತೆಗೆ ಎರಡು ವಾರ ಈ ಎರಡೂ ಮಾತ್ರೆ ಕೊಡುವ ಕ್ರಮವನ್ನು 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿತು. ಆಫ್ರಿಕಾದ ಐದು ದೇಶಗಳಲ್ಲಿ ನಡೆದ ಪ್ರಯೋಗ ಅದಕ್ಕೆ ಆಧಾರ. ಕಸಿ ಆದವರಿಗೆ ಸಾಮಾನ್ಯವಾಗಿ ದಿನವೂ ಡ್ರಿಪ್, ಕನಿಷ್ಠ ಎರಡು ವಾರ.

ಫ್ಲುಸೈಟೊಸಿನ್ ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ. ಚೀಟಿ ಬರೆದ ಅವತ್ತೇ ಹುಡುಕಲು ಶುರು ಮಾಡಿ. ಆಂಫೊಟೆರಿಸಿನ್ ಹೊರಗಿನಿಂದ ತರಲು ಹೇಳಿದರೆ ಎರಡು ವಿಷಯ ನೋಡಿ. ಚೀಟಿಯಲ್ಲಿ 'ಲೈಪೋಸೋಮಲ್' ಇದ್ದರೆ ಅದನ್ನೇ ತನ್ನಿ. ಸಾದಾ ಆಂಫೊಟೆರಿಸಿನ್ ಬೇರೆ, ಅದರ ಡೋಸೂ ಬೇರೆ. ಅದಲು ಬದಲಾದರೆ ಜೀವಕ್ಕೇ ಅಪಾಯ. ಮತ್ತೆ, ಹಲವು ಬ್ರಾಂಡಿನ ಸೀಸೆಗಳನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು. ಐಸ್ ಪ್ಯಾಕ್ ಕೇಳಿ ಪಡೆಯಿರಿ, ಬಸ್ಸಿನಲ್ಲಿ ಕಿಸೆಯಲ್ಲಿ ಹಾಕಿಕೊಂಡು ಬರಬೇಡಿ. ಕೇರಳದ ಸರಕಾರಿ ಆಸ್ಪತ್ರೆಗಳ ಕಾರುಣ್ಯ ಫಾರ್ಮಸಿಗಳಲ್ಲಿ ಮದ್ದು ಕಮ್ಮಿ ಬೆಲೆಗೆ ಸಿಗುತ್ತದೆ, ಅಲ್ಲೊಮ್ಮೆ ವಿಚಾರಿಸಿ.

ಡ್ರಿಪ್ ಹೋಗುವಾಗ ಚಳಿ ನಡುಕ, ಜ್ವರ ಬರಬಹುದು. ಹೆದರಬೇಡಿ, ಆದರೆ ಸಿಸ್ಟರನ್ನು ಕರೆಯಿರಿ. ನಿಜವಾದ ಚಿಂತೆ ಕಿಡ್ನಿ ಮತ್ತು ಪೊಟ್ಯಾಸಿಯಂ. ಈ ಮದ್ದು ಕ್ರಿಯಾಟಿನಿನ್ ಏರಿಸುತ್ತದೆ, ಪೊಟ್ಯಾಸಿಯಂ ಇಳಿಸುತ್ತದೆ. ರಕ್ತ ಕಮ್ಮಿ ಆಗುತ್ತದೆ. ಅದಕ್ಕೇ ದಿನ ಬಿಟ್ಟು ದಿನ ರಕ್ತ ತೆಗೆಯುವುದು, ಡ್ರಿಪ್ಪಿಗೆ ಮೊದಲು ಒಂದು ಬಾಟಲಿ ಸಲೈನ್ ಕೊಡುವುದು. ಮೂತ್ರ ಎಷ್ಟು ಹೋಯಿತು ಎಂಬ ಲೆಕ್ಕ ಮನೆಯವರು ಇಡಬಹುದು.

ಇಲ್ಲೊಂದು ತಮಾಷೆ ಅಲ್ಲದ ತಮಾಷೆ. ಪೊಟ್ಯಾಸಿಯಂ ಕಮ್ಮಿ ಎಂದ ಕೂಡಲೇ ನೋಡಲು ಬಂದವರೆಲ್ಲ ಬೊಂಡ (ಎಳನೀರು), ಕದಳಿ ಬಾಳೆಹಣ್ಣು ತಂದರು. ಕಿಡ್ನಿಯವರಿಗೆ ಬೊಂಡ ಕುಡಿಯಬೇಡಿ ಎಂದೇ ನಾಲ್ಕು ವರ್ಷ ಹೇಳಿದ್ದರು. ಈಗ ಕೊಡಬೇಕೋ ಬೇಡವೋ? ಉತ್ತರ ಅವತ್ತಿನ ರಕ್ತದ ರಿಪೋರ್ಟಿನಲ್ಲಿ ಇರುತ್ತದೆ. ಕೇಳಿಯೇ ಕೊಡಿ. ಉಳಿದ ಬೊಂಡ ಜೊತೆಗೆ ಕೂತವರು ಕುಡಿಯಬಹುದು, ನಾನು ಕುಡಿದೆ.

ಕಸಿ ಆದವರು ಅಂಗ ಉಳಿಸಿಕೊಳ್ಳಲು ತಿನ್ನುವ ಟ್ಯಾಕ್ರೊಲಿಮಸ್, ಮೈಕೊಫೆನೊಲೇಟ್ ಮಾತ್ರೆಗಳನ್ನು ಡಾಕ್ಟರ್ ಸ್ವಲ್ಪ ಸ್ವಲ್ಪ ಇಳಿಸಬಹುದು. ನಾವೇ ನಿಲ್ಲಿಸಿದರೆ ಕಸಿ ಕಿಡ್ನಿ ಹೋಗುತ್ತದೆ.

ಎಚ್‌ಐವಿ ಈಗಷ್ಟೇ ಗೊತ್ತಾಗಿದ್ದರೆ ಎ.ಆರ್.ಟಿ. ಕೂಡಲೇ ಶುರು ಮಾಡುವುದಿಲ್ಲ. ಶಿಲೀಂಧ್ರದ ಮದ್ದು ಶುರುವಾಗಿ 4ರಿಂದ 6 ವಾರ ಕಾಯುತ್ತಾರೆ. ಬೇಗ ಶುರು ಮಾಡಿದರೆ ಸಾವು ಜಾಸ್ತಿ ಎಂದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಂಡಿದೆ. "ಯಾಕೆ ಮಾತ್ರೆ ಕೊಡುತ್ತಿಲ್ಲ?" ಎಂದು ಜಗಳಕ್ಕೆ ಹೋಗಬೇಡಿ. ಮೊದಲೇ ತಿನ್ನುತ್ತಿರುವವರು ತಾವಾಗಿ ನಿಲ್ಲಿಸಲೂ ಬಾರದು.

ಏಳನೆಯದು: ಮನೆಗೆ ಬಂದ ಮೇಲೆ

ತಲೆನೋವು ಹೋಗಿದೆ, ಊಟ ಸೇರುತ್ತಿದೆ. ಎಲ್ಲರೂ ಸಡಿಲ ಬಿಡುವುದು ಇಲ್ಲೇ. ಶಿಲೀಂಧ್ರ ಮಾತ್ರ ಪೂರ್ತಿ ಹೋಗಿರುವುದಿಲ್ಲ.

ಫ್ಲುಕೊನಜೋಲ್ ಮಾತ್ರೆ ದೊಡ್ಡ ಅಳತೆಯಲ್ಲಿ ಎಂಟು ವಾರ. ಎಚ್‌ಐವಿ ಇರುವವರಿಗೆ ಸಾಮಾನ್ಯವಾಗಿ ದಿನಕ್ಕೆ 800 ಮಿಲಿಗ್ರಾಂ. ಆಮೇಲೆ 200. ಅದು ಕನಿಷ್ಠ ಒಂದು ವರ್ಷ, ಅದೂ ಸಿ.ಡಿ.4 ಏರಿ ನಿಂತ ಮೇಲೆ ಡಾಕ್ಟರ್ ಹೇಳಿದರೆ ನಿಲ್ಲಿಸುವುದು. ಕಸಿ ಆದವರಿಗೆ ಅಳತೆ ಬೇರೆ ಇರಬಹುದು, ಒಟ್ಟು ಆರು ತಿಂಗಳಿಂದ ಒಂದು ವರ್ಷ.

ಮದ್ದಿನಂಗಡಿಯಲ್ಲಿ ನಿಮಗೆ ಒಂದು ವಿಚಿತ್ರ ನೋಟ ಸಿಗುತ್ತದೆ. ಹುಳುಕಡ್ಡಿಗೆ ವಾರಕ್ಕೊಂದು ಫ್ಲುಕೊನಜೋಲ್ ಕೊಟ್ಟು ಅಭ್ಯಾಸ ಇರುವವರು, "ದಿನಕ್ಕೆ ನಾಲ್ಕಾ? ತಪ್ಪು ಬರೆದಿದ್ದಾರೆ" ಎನ್ನುತ್ತಾರೆ. ನಮಗೆ ಹಾಗೇ ಹೇಳಿದರು. ಡಿಸ್ಚಾರ್ಜ್ ಚೀಟಿ ತೋರಿಸಿ. ಕಮ್ಮಿ ಮಾಡಿಕೊಂಡು ಬರಬೇಡಿ.

ಈ ಮಾತ್ರೆಗೆ ಬೇರೆ ಮಾತ್ರೆಗಳ ಜೊತೆ ಜಗಳ ಉಂಟು. ಟ್ಯಾಕ್ರೊಲಿಮಸ್ ಮಟ್ಟ ಏರಿಸುತ್ತದೆ, ಹಾಗಾಗಿ ಅದರ ರಕ್ತಪರೀಕ್ಷೆ ಬೇಗ ಬೇಗ ಬೇಕು. ಸಕ್ಕರೆ ಕಾಯಿಲೆಯ ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್ ಜೊತೆ ಸಕ್ಕರೆ ತೀರಾ ಇಳಿಯಬಹುದು. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಜೊತೆ ರಕ್ತಸ್ರಾವ ಆಗಬಹುದು. ಫಿಟ್ಸಿನ ಫೆನಿಟಾಯಿನ್ ಮಟ್ಟವೂ ಏರುತ್ತದೆ. ಗರ್ಭಿಣಿ ಆಗುವ ಯೋಚನೆ ಇದ್ದರೆ ಮೊದಲೇ ಹೇಳಿ.

ತಿಂಗಳು ಎರಡು ತಿಂಗಳು ಕಳೆದು ಮತ್ತೆ ತಲೆನೋವು ಬಂತು ಎನ್ನಿ. ಕಾಯಿಲೆ ಮರುಕಳಿಸಿರಬಹುದು. ಅಥವಾ ಚೇತರಿಸಿದ ರೋಗನಿರೋಧಕ ಶಕ್ತಿ ಸತ್ತು ಬಿದ್ದ ಶಿಲೀಂಧ್ರದ ಮೇಲೆ ಏರಿ ಹೋಗಿರಬಹುದು. ಎ.ಆರ್.ಟಿ. ಶುರು ಮಾಡಿದ ಮೊದಲ ತಿಂಗಳುಗಳಲ್ಲಿ ಹೀಗಾಗುತ್ತದೆ. ಎರಡಕ್ಕೂ ಚಿಕಿತ್ಸೆ ಬೇರೆ. ಮನೆಯಲ್ಲಿ ಕೂತು ಬೇರ್ಪಡಿಸಲು ಆಗುವುದಿಲ್ಲ, ಹೋಗಿ ತೋರಿಸಿ. ಆಂಟಿಜೆನ್ ಪರೀಕ್ಷೆ ಗುಣವಾದ ಮೇಲೂ ತಿಂಗಳುಗಟ್ಟಲೆ ಪಾಸಿಟಿವ್ ಇರಬಹುದು. ಅದೊಂದನ್ನೇ ನೋಡಿ ಗಾಬರಿ ಬೇಡ.

ಇನ್ನು ಮಾತ್ರೆಯ ದಾಸ್ತಾನು. 2020ರ ಮಾರ್ಚಿನಲ್ಲಿ ಗಡಿ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ, ತಲಪಾಡಿಯಲ್ಲಿ ಆಂಬುಲೆನ್ಸುಗಳು ನಿಂತದ್ದನ್ನು ಈ ಊರಿನವರಿಗೆ ನಾನು ನೆನಪಿಸಬೇಕಾಗಿಲ್ಲ. ಮಂಗಳೂರಿನ ಮದ್ದನ್ನೇ ನಂಬಿದವರು ಕನಿಷ್ಠ ಒಂದು ತಿಂಗಳಿನ ಮಾತ್ರೆ ಹೆಚ್ಚಿಗೆ ಇಟ್ಟುಕೊಳ್ಳಿ. ಗಡಿಯ ಈಚೆಗೂ ನಿಮ್ಮ ಪುಸ್ತಕ ನೋಡಿದ ಒಬ್ಬ ಡಾಕ್ಟರ್ ಇರಲಿ.

ಪಾರಿವಾಳದ ವಿಷಯ

ಎಲ್ಲರೂ ಕೊನೆಗೆ ಇದನ್ನೇ ಕೇಳುತ್ತಾರೆ. ಪಾರಿವಾಳ ಓಡಿಸಿದರೆ ಆಯಿತಾ? ಇಲ್ಲ. ಈ ಶಿಲೀಂಧ್ರ ಗಾಳಿಯಲ್ಲಿ, ಮಣ್ಣಿನಲ್ಲಿ ಎಲ್ಲ ಕಡೆ ಇದೆ. ಪೂರ್ತಿ ತಪ್ಪಿಸಿಕೊಳ್ಳಲು ಯಾರಿಂದಲೂ ಆಗುವುದಿಲ್ಲ. ಮಾತ್ರೆ ತಪ್ಪಿಸದಿರುವುದು, ಎಣಿಕೆ ಬಿದ್ದಾಗ ಕ್ರ್ಯಾಗ್ ಮಾಡಿಸುವುದು ಇದಕ್ಕಿಂತ ಎಷ್ಟೋ ದೊಡ್ಡ ರಕ್ಷಣೆ.

ಆದರೂ ರೋಗನಿರೋಧಕ ಶಕ್ತಿ ಕಮ್ಮಿ ಇರುವವರು ಹಳೇ ಅಟ್ಟ, ಹಕ್ಕಿಗೂಡು, ಕೋಳಿಗೂಡು ಗುಡಿಸಲು ಹೋಗಬಾರದು. ಆ ಕೆಲಸ ಮನೆಯ ಬೇರೆಯವರು ಮಾಡಲಿ. ಅಕ್ಕನ ಮನೆಯ ಅಟ್ಟ ಈಗ ನನ್ನ ಪಾಲಿಗೆ ಬಂದಿದೆ. ಭಾವ ಅಂಗಳದಾಚೆ ಕುರ್ಚಿ ಹಾಕಿ ಕೂರುತ್ತಾರೆ. ನಾನು ಮಾಸ್ಕ್ ಕಟ್ಟಿ, ಮೊದಲು ನೀರು ಚಿಮುಕಿಸಿ ಹಿಕ್ಕೆ ಒದ್ದೆ ಮಾಡಿ, ಆಮೇಲೆ ಹಿಡಿಸೂಡಿ ಹಿಡಿಯುತ್ತೇನೆ. ಒಣಗಿದ್ದನ್ನು ಗುಡಿಸಲು ಹೊರಟರೆ ಅವರೇ ಅಲ್ಲಿಂದ ಕೂಗುತ್ತಾರೆ, "ನೀರು ಹಾಕಿದ್ದೀಯಾ?"